ನಮ್ಮ ಖಾಲಿ ಜಾಗಕ್ಕೆ ಯಾರ ಅಕ್ಷರ ತುಂಬ್ತೀರಿ?

ಬಂಧುಗಳೇ, ಇದು ಲ್ಯಾಬಿನ ಮಾತು, ನಮಗ್ಯಾಕ ಅಂತ ಮುಂದ ಹೋಗಬ್ಯಾಡ್ರಿ. ಇದು ನಮ್ಮ ರಕ್ತದ ಮಾತು.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಎಲ್ಲಾ ಓದೋದು ದುಬಾರಿ. ಅದಕ್ಕೇ ಅಗ್ಗದ ಚಿಪ್‌ನಲ್ಲಿ ಕೆಲವು ಲಕ್ಷ ಕಡೆ ಮಾತ್ರ ಓದಿ, ಉಳಿದ ವ್ಯತ್ಯಾಸಗಳನ್ನು ಕಂಪ್ಯೂಟರ್‌ನಿಂದ ಊಹೆ ಮಾಡಿಸಿ ತುಂಬ್ತಾರೆ. ಇದೇ ಇಂಪ್ಯುಟೇಶನ್. ಯಾರನ್ನು ನೋಡಿ ಊಹೆ? ಮೊದಲೇ ಪೂರ್ತಿ ಓದಿಟ್ಟ ಜನರ ಪಟ್ಟಿ ನೋಡಿ. ಅದೇ ರೆಫರೆನ್ಸ್ ಪ್ಯಾನೆಲ್. ಪಟ್ಟಿಯಲ್ಲಿ ಇಲ್ಲದ ಭೇದವನ್ನು ಯಾವ ಸಾಫ್ಟ್‌ವೇರೂ ತುಂಬಲಾರದು.

ಜಗತ್ತೆಲ್ಲ ಬಳಸಿದ 1000 ಜಿನೋಮ್ಸ್ ಪ್ಯಾನೆಲ್‌ನಲ್ಲಿ 2,504 ಜನ. ದಕ್ಷಿಣ ಏಷ್ಯಾಕ್ಕೆ ಐದು ಗುಂಪು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನ ತೆಲುಗರು, ಬ್ರಿಟನ್ನಿನ ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪೇ ಇಲ್ಲ! ಗಂಗಾವತಿಯಲ್ಲಿ ಭತ್ತ ನಾಟಿ ಹಚ್ಚೋ ಅವ್ವಂದಿರಿಗೆ, ಕುಷ್ಟಗಿ, ಯಲಬುರ್ಗಾದಿಂದ ಗುಳೆ ಹೋಗೋ ಮಂದಿಗೆ ಸಮುದ್ರ ದಾಟಿದವರ ಅಕ್ಷರ ತುಂಬಿದ್ರ ಅದು ವಿಜ್ಞಾನ ಏನ್ರಿ?

"ಎಲ್ಲರೂ ಬೆರಕೆನೇ, ಜಾತಿ ಯಾಕ ತರ್ತೀರಿ?" ಅಂತಾರ. ಹೌದು, ಬೆರಕೆನೇ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ಹೇಳಿದ್ದೂ ಅದನ್ನೇ: ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಬಹುತೇಕ ಎಲ್ಲರೂ ಬೆರೆತರು, ಆಮೇಲೆ ಒಳಮದುವೆ ಬಾಗಿಲು ಹಾಕಿತು. ಒಳಮದುವೆಯೇ ಜಾತಿಯ ತಿರುಳು ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಪ್ರಬಂಧ ಓದಿದ್ದರು. ರಕ್ತದಲ್ಲಿ ಮೇಲು-ಕೀಳು ಇಲ್ಲ. ಆದರೆ ಹಾಕಿದ ಬೇಲಿಯ ಗುರುತು ಐತಿ. ವೈಶ್ಯರಲ್ಲಿ ಅರಿವಳಿಕೆ ವೇಳೆ ಕೊಡುವ ಒಂದು ಔಷಧ ಒಗ್ಗದ ಭೇದ ಹೆಚ್ಚು ಅಂತ ಗೊತ್ತಾಗಿದ್ದು ಅವರನ್ನು ಪರೀಕ್ಷಿಸಿದ್ದಕ್ಕೆ. ಮಾದಿಗರಲ್ಲಿ, ಹೊಲೆಯರಲ್ಲಿ ಏನೈತಿ? ನೋಡಿದರಷ್ಟೇ ತಿಳೀತೈತಿ.

ಜಿನೋಮ್ ಇಂಡಿಯಾ ಬಂತಲ್ಲ ಅಂತೀರಾ? ಒಳ್ಳೇದು. 83 ಸಮುದಾಯ, ಸುಮಾರು 10 ಸಾವಿರ ಜಿನೋಮ್, 2025ರ ಜನವರಿಯಲ್ಲಿ ದತ್ತಾಂಶ ಬಿಡುಗಡೆ. ಆದರೆ ಸಾವಿರಾರು ಒಳಮದುವೆಯ ಗುಂಪುಗಳಿರೋ ದೇಶಕ್ಕೆ 83 ಆರಂಭ ಮಾತ್ರ.

ನಮ್ಮ ಬೇಡಿಕೆ ಮೂರು:

1. ದೊಡ್ಡದು ಅಂತ ಪ್ಯಾನೆಲ್ ಆರಿಸಬ್ಯಾಡ್ರಿ. ಗೊತ್ತಿರೋ ಅಕ್ಷರ ಮುಚ್ಚಿಟ್ಟು ಊಹೆ ಮಾಡಿಸಿ, ಎಷ್ಟು ಸರಿ ಬಂತು ಅಂತ ಸಮುದಾಯವಾರು ಲೆಕ್ಕ ಕೊಡ್ರಿ. ಸರಾಸರಿಯೊಳಗೆ ನಮ್ಮನ್ನು ಹೂಳಬ್ಯಾಡ್ರಿ.

2. ದೊಡ್ಡ ಪ್ಯಾನೆಲ್ ಜೊತೆ ಇಲ್ಲಿನ ಜನರ ಪೂರ್ತಿ ಜಿನೋಮ್ ಸೇರಿಸ್ರಿ.

3. ರಕ್ತ ಕೇಳೋ ಮುಂಚೆ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೀರಿ. ತೀರ್ಮಾನ ಮಾಡೋ ಸಮಿತಿಯಲ್ಲಿ ನಮಗೂ ಕುರ್ಚಿ ಹಾಕ್ರಿ.

2014ರಲ್ಲಿ ಮರಕುಂಬಿಯಲ್ಲಿ ಗುಡಿಸಲಿಗೆ ಬೆಂಕಿ ಹಚ್ಚಿದವರಿಗೆ ನಮ್ಮ ಕೇರಿ ಯಾವುದು ಅಂತ ಕರಾರುವಾಕ್ಕಾಗಿ ಗೊತ್ತಿತ್ತು. ಔಷಧದ ಹೊತ್ತಿಗೆ ಮಾತ್ರ ನಾವೆಲ್ಲ ಬರೀ "ದಕ್ಷಿಣ ಏಷ್ಯಾದವರು" ಆಗಿಬಿಡ್ತೀವಾ?

ಜೈ ಭೀಮ್.