ನೆಲ ಡೊಂಕಲ್ಲ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಮನೆ ಕಟ್ಟಿಸುವವರು ಅಂಗಳಕ್ಕೆ ಸ್ಟ್ಯಾಂಪ್ಡ್ ಕಾಂಕ್ರೀಟ್ ಹಾಕಿಸಲೇ ಎಂದು ಕೇಳಿದರೆ ಸಾಕು, ಬೇಡವೆನ್ನುವವರು ನಾಲ್ಕು ಮಂದಿ ಸಿಗುತ್ತಾರೆ. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ, ಅಚ್ಚು ಒತ್ತಿ, ಕಲ್ಲಿನದೋ ಇಟ್ಟಿಗೆಯದೋ ವಿನ್ಯಾಸ ಮೂಡಿಸುವ ಕೆಲಸವಿದು. ‘ನಮ್ಮ ಬಿಸಿಲಿಗೆ ಇದು ತಾಳುವುದಿಲ್ಲ’ ಎಂಬುದು ವಿರೋಧಿಗಳ ಒಟ್ಟು ತೀರ್ಪು. ಅವರ ದೂರುಗಳಲ್ಲಿ ಕೆಲವು ನಿಜ. ಹೆಚ್ಚಿನವು ಮಾತ್ರ ಕುಣಿಯಲಾರದವಳು ನೆಲ ಡೊಂಕು ಎಂದ ಜಾತಿಯವು. ಒಂದೊಂದಾಗಿ ನೋಡೋಣ.

1. ‘ಇದು ತಂಪು ದೇಶದವರ ಶೋಕಿ’

ಮಾತು ತಿರುಗುಮುರುಗಾಗಿದೆ. ಬ್ರ್ಯಾಡ್ ಬೋಮನ್ ಎಂಬವರು 1950ರ ದಶಕದಲ್ಲಿ ಈ ಕೆಲಸಕ್ಕೆ ರೂಪ ಕೊಟ್ಟದ್ದು ಬಿಸಿಲಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿ. ಇಂಥ ನೆಲಕ್ಕೆ ನಿಜವಾದ ಶತ್ರು ಹಿಮ. ಸಂದುಗಳಲ್ಲಿ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮಂಜು ಕರಗಿಸಲು ಚೆಲ್ಲುವ ಉಪ್ಪು ಅದಕ್ಕೆ ಸೇರುತ್ತದೆ, ಮೇಲ್ಪದರ ಹಕ್ಕಳೆಯಾಗಿ ಏಳುತ್ತದೆ. ರಾಯಚೂರಿಗೆ ಆ ಕಾಟವಿಲ್ಲ.

2. ‘ವರ್ಷದೊಳಗೆ ಬಿರುಕು ಬಿಡುತ್ತದೆ’

ಬಿಡುತ್ತದೆ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಬಿರಿಯುತ್ತದೆ. ಎಲ್ಲಿ ಬಿರಿಯಬೇಕೆಂದು ನಾವೇ ಹೇಳಿಕೊಡುವುದು ಜಾಣತನ. ನಾಲ್ಕು ಇಂಚಿನ ಹಾಸಿಗೆಗೆ ಎಂಟು–ಹತ್ತು ಅಡಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗೀರು ಕೊಯ್ಯಬೇಕು. ಡಿಸೈನ್ ಕೆಡುತ್ತದೆಂದು ಇದನ್ನು ಬಿಟ್ಟುಬಿಡುತ್ತಾರೆ. ಆಗ ಬಿರುಕು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅಚ್ಚಿನ ಗೆರೆಗೆ ಹೊಂದಿಸಿ ಕೊಯ್ದರೆ ಗೀರು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯ ಕಾರಣ ಕಾಲಡಿಯದು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದನ್ನು ತೆಗೆದು, ಗರಸು ತುಂಬಿ, ನೀರು ಹೊಡೆದು ದಿಮ್ಮಸು ಮಾಡದೆ ಮೇಲೆ ಏನು ಹಾಸಿದರೂ ಸೀಳುತ್ತದೆ. ಫರಸಿಯೂ ಅಷ್ಟೆ, ಟೈಲ್ಸೂ ಅಷ್ಟೆ.

ಮೂರನೆಯದು ಬಿಸಿಲಿನದೇ, ಒಪ್ಪುತ್ತೇನೆ. ಗಾಳಿ 40 ಡಿಗ್ರಿ ದಾಟಿದರೆ ಕಾಂಕ್ರೀಟ್ ಕೆಲಸಕ್ಕೆ ವಿಶೇಷ ಎಚ್ಚರ ಬೇಕೆಂದು ಭಾರತೀಯ ಮಾನಕ ಐಎಸ್ 7861 ಹೇಳಿರುವುದು 1975ರಲ್ಲಿ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಲ್ಲಿ ಇಡೀ ಅಂಗಳವನ್ನು ಒಂದೇ ಸಲ ಸುರಿಸಿದರೆ ಆಗುವುದಿಷ್ಟು: ಗೇಟಿನ ಕಡೆ ಅಚ್ಚು ಒತ್ತುವಷ್ಟರಲ್ಲಿ ಮನೆಯ ಕಡೆ ಗಟ್ಟಿಯಾಗಿರುತ್ತದೆ. ಕೆಲಸದವರು ಅಚ್ಚಿನ ಮೇಲೆ ಹತ್ತಿ ತುಳಿಯುತ್ತಾರೆ, ಆದರೂ ಗೆರೆ ಮೂಡದು. ಮೆತ್ತಗಾಗಲೆಂದು ಮಗ್ಗಿನಿಂದ ನೀರು ಚಿಮುಕಿಸುತ್ತಾರೆ. ಆ ನೀರೇ ಮೇಲ್ಪದರದ ಬಲ ಕಳೆಯುತ್ತದೆ. ಆರು ತಿಂಗಳಿಗೆ ಪುಡಿ ಏಳುವುದು ಅಲ್ಲಿಂದಲೇ. ನೆರಳಿಗೆ ತಾಡಪತ್ರಿ ಕಟ್ಟಿ, ಬಿಸಿಲಿಳಿದ ಮೇಲೆ, ಕೈಗೆ ಸಿಗುವಷ್ಟೇ ಅಗಲದ ತುಂಡುಗಳಲ್ಲಿ ಸುರಿಸಿದರೆ ಈ ಪಾಡು ಬಾರದು.

ಕ್ಯೂರಿಂಗೂ ಹಾಗೆಯೇ. ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ, ಪಿಪಿಸಿ ಸಿಮೆಂಟಾದರೆ 14 ದಿನ ತೇವ ಕಾಯಬೇಕೆನ್ನುತ್ತದೆ ಐಎಸ್ 456. ಗೋಣಿಚೀಲ ಹಾಸಿದರೆ ಬಣ್ಣಕ್ಕೆ ಕಲೆಯಾಗುತ್ತದೆಂಬ ನೆಪ ಹೇಳುತ್ತಾರೆ. ಅದಕ್ಕೆ ಸ್ಪ್ರೇ ಮಾಡುವ ಕ್ಯೂರಿಂಗ್ ಕಾಂಪೌಂಡ್ ಇದೆ.

3. ‘ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ’

ಐರನ್ ಆಕ್ಸೈಡ್ ಬಣ್ಣಗಳು, ಅಂದರೆ ಕೆಂಪು, ಹಳದಿ, ಕಂದು, ಬಿಸಿಲಿಗೆ ಜಗ್ಗುವುದಿಲ್ಲ. ತುಕ್ಕಿನ ಕುಲದ ಬಣ್ಣ ಅದು. ಸೋಲುವುದು ಮೇಲೆ ಬಳಿದ ಸೀಲರ್. ಪರೀಕ್ಷೆ ಸುಲಭ: ಮಂಕಾದ ಜಾಗಕ್ಕೆ ಒಂದು ತಂಬಿಗೆ ನೀರು ಸುರಿಯಿರಿ. ಬಣ್ಣ ಮರಳಿ ಎದ್ದು ಕಂಡರೆ ಸವೆದಿರುವುದು ಸೀಲರ್ ಮಾತ್ರ. ಎರಡು–ಮೂರು ವರ್ಷಕ್ಕೊಮ್ಮೆ ಅದನ್ನು ಮತ್ತೆ ಬಳಿಯಬೇಕು. ಆ ಖರ್ಚನ್ನು ಮೊದಲೇ ಹೇಳದ ಗುತ್ತಿಗೆದಾರರ ಮೇಲೆ ನಿಮಗೆಷ್ಟು ಸಿಟ್ಟೋ ನನಗೂ ಅಷ್ಟೇ.

4. ‘ಮಧ್ಯಾಹ್ನ ಕಾಲು ಸುಡುತ್ತದೆ’

ಮೇ ತಿಂಗಳ ಮಧ್ಯಾಹ್ನ ಬರಿಗಾಲಿಗೆ ಕಡಪಾ ಕಲ್ಲು ತಂಪಾಗಿರುತ್ತದೆಯೇ? ಇಲ್ಲಿ ಮುಖ್ಯ ಬಣ್ಣ. ಹೊಸ ಬೂದು ಕಾಂಕ್ರೀಟ್ ಬಿಸಿಲಿನ ಶೇ 35–40ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹೊಸ ಡಾಂಬರು ಕಳಿಸುವುದು ಶೇ 5ರ ಆಸುಪಾಸು. ಕ್ಯಾಟಲಾಗಿನಲ್ಲಿ ಚೆಂದ ಕಂಡಿತೆಂದು ಕಲ್ಲಿದ್ದಲ ಕಪ್ಪು ಆರಿಸಿ ಆಮೇಲೆ ಕಾಂಕ್ರೀಟನ್ನು ಬೈಯಬಾರದು. ತಿಳಿ ಮರಳಿನ ಬಣ್ಣ ಹಾಕಿಸಿ, ಪಡುವಣ ದಿಕ್ಕಿಗೊಂದು ಬೇವಿನ ಗಿಡ ನೆಡಿ.

5. ‘ಮಳೆಗೆ ಜಾರುತ್ತದೆ’

ಹೊಳಪಿನ ಸೀಲರ್ ದಪ್ಪ ಬಳಿದರೆ ಖಂಡಿತ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಹಗುರವಾದ ಮಾತಲ್ಲ. ಸೀಲರಿಗೆ ಬೆರೆಸುವ ಸಣ್ಣ ಹರಳಿನ ಪುಡಿ ಸಿಗುತ್ತದೆ. ಅದನ್ನು ಬೆರೆಸಿ, ತೆಳ್ಳಗೆ ಬಳಿದು, ಐವತ್ತು ಅಡಿಗೆ ಒಂದಡಿ ಇಳಿಜಾರು ಕೊಟ್ಟರೆ ನೀರೂ ನಿಲ್ಲದು, ಕಾಲೂ ಜಾರದು.

6. ‘ಶಹಾಬಾದ್ ಕಲ್ಲಿನ ಊರಲ್ಲಿ ಇದೇಕೆ?’

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದು. ಭೀಮಾ ತೀರದ ಸುಣ್ಣಕಲ್ಲು ನಮ್ಮ ಮನೆಬಾಗಿಲಲ್ಲೇ ಸಿಗುತ್ತದೆ, ಹಾಸಬಲ್ಲ ಗೌಂಡಿಗಳಿದ್ದಾರೆ, ಪೈಪು ಒಡೆದರೆ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸಬಹುದು. ಸ್ಟ್ಯಾಂಪ್ಡ್ ಕಾಂಕ್ರೀಟನ್ನು ಒಡೆದು ತೇಪೆ ಹಾಕಿದರೆ ತೇಪೆ ತೇಪೆಯಾಗಿಯೇ ಕಾಣುತ್ತದೆ. ಈ ವಿಷಯದಲ್ಲಿ ಕಲ್ಲಿನದೇ ಗೆಲುವು. ಆದರೆ ಕಾರು ಹತ್ತುವ ರ್‍ಯಾಂಪಿನಲ್ಲಿ, ತಿರುವಿನ ದಾರಿಯಲ್ಲಿ ತೆಳು ಫರಸಿಯ ಅಡಿ ಟೊಳ್ಳಾಗಿದ್ದರೆ ಮೂಲೆ ಮುರಿಯುತ್ತದೆ, ಸಂದುಗಳಲ್ಲಿ ಹುಲ್ಲೂ ಇರುವೆಯೂ ಮನೆ ಮಾಡುತ್ತವೆ. ಒಂದೇ ಹಾಸಿನ ಕಾಂಕ್ರೀಟ್ ಗೆಲ್ಲುವುದು ಅಲ್ಲಿ. ಹಿತ್ತಲಿಗೆ ಕಲ್ಲು, ಗಾಡಿಯ ದಾರಿಗೆ ಕಾಂಕ್ರೀಟ್ ಎಂದರೆ ಜಗಳವೇ ಇಲ್ಲ. ಹಾಕಿಸುವ ಮುನ್ನ ನೀರು, ಚರಂಡಿ, ಕರೆಂಟಿನ ಪೈಪುಗಳೆಲ್ಲ ನೆಲದಡಿ ಸೇರಿರಲಿ.

7. ‘ಮಳೆನೀರು ಇಂಗಲು ಬಿಡುವುದಿಲ್ಲ’

ಗಾರೆಯಲ್ಲಿ ಕೂರಿಸಿದ ಕಲ್ಲು, ಟೈಲ್ಸು ಬಿಡುತ್ತವೆಯೇ? ತಪ್ಪು ಗೋಡೆಯಿಂದ ಗೋಡೆಗೆ ಮುಚ್ಚುವುದರಲ್ಲಿದೆ. ನಡೆಯುವಷ್ಟು, ಗಾಡಿ ನಿಲ್ಲುವಷ್ಟು ಹಾಸಿ ಉಳಿದದ್ದನ್ನು ಮಣ್ಣಾಗಿ ಬಿಟ್ಟು, ಇಳಿಜಾರನ್ನು ಅತ್ತ ತಿರುಗಿಸಿ.

8. ‘ರಂಗೋಲಿ ಎಲ್ಲಿ ಹಾಕುವುದು?’

ಎಂಜಿನಿಯರುಗಳು ನಕ್ಕು ಬದಿಗಿಡುವ ಈ ಪ್ರಶ್ನೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಳದ ಗೆರೆಗಳ ಮೇಲೆ ಎಳೆ ಒಡೆಯುತ್ತದೆ, ಪುಡಿ ಸಂದಿಗೆ ಇಳಿದು ಪೊರಕೆಗೂ ಸಿಗುವುದಿಲ್ಲ. ಹೊಸ್ತಿಲ ಮುಂದೆ ನಾಲ್ಕಡಿ ಚೌಕವನ್ನು ಅಚ್ಚು ಒತ್ತದೆ ನುಣ್ಣಗೆ ಉಳಿಸಲು ಹೇಳಿ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ನೆನಪಿನಿಂದ ಹೇಳಬೇಕು ಅಷ್ಟೆ.

ಮುಂಗಡ ಕೊಡುವ ಮುನ್ನ ಗುತ್ತಿಗೆದಾರರನ್ನು ನಾಲ್ಕು ಪ್ರಶ್ನೆ ಕೇಳಿ: ಎರೆ ಎಷ್ಟು ಆಳಕ್ಕೆ ತೆಗೆಯುತ್ತೀರಿ? ಗೀರು ಎಲ್ಲೆಲ್ಲಿ ಕೊಯ್ಯುತ್ತೀರಿ? ಯಾವ ಹೊತ್ತಿಗೆ ಸುರಿಸುತ್ತೀರಿ? ಕ್ಯೂರಿಂಗ್ ಎಷ್ಟು ದಿನ? ನೇರ ಉತ್ತರ ಬಾರದಿದ್ದರೆ ಶಹಾಬಾದ್ ಕಲ್ಲನ್ನೇ ಹಾಸಿಸಿ. ಬಂದರೆ, ಬಿಸಿಲಿಗೆ ಹೆದರಿ ಹಿಂದೆಗೆಯಬೇಕಾದ ಕಾರಣವಿಲ್ಲ.