ದೊಡ್ಡ ಸರ್ವಿಸಿನ ಖರ್ಚು ಯಾರದು?

ನೀಲಗಿರಿಯಲ್ಲಿ ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವ ಬಂಧುಗಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರ ಗಾಡಿಗಳು ಲಕ್ಷ, ಎರಡು ಲಕ್ಷ ಕಿಲೋಮೀಟರ್ ದಾಟಿದವು. ಇಂಥ ಗಾಡಿಗೆ ದೊಡ್ಡ ಸರ್ವಿಸ್ ಬಂದಾಗ ಮೆಕ್ಯಾನಿಕ್ ಬರೆದುಕೊಡುವ ಪಟ್ಟಿ ಕಂಡರೆ ಎದೆ ಝಲ್ಲೆನ್ನುತ್ತದೆ. 'ಸೀಸನ್ ಮುಗಿಯಲಿ, ಆಮೇಲೆ ನೋಡೋಣ' ಎಂದು ಮುಂದೂಡುವುದೇ ವಾಡಿಕೆಯಾಗಿದೆ. ಈ 'ಆಮೇಲೆ' ಎಂಬ ಮಾತಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ನಾವೆಲ್ಲರೂ ಯೋಚಿಸಬೇಕಾಗಿದೆ.

ಟೈಮಿಂಗ್ ಬೆಲ್ಟನ್ನೇ ತೆಗೆದುಕೊಳ್ಳೋಣ. ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ. ಅದು ಓಡುತ್ತಿರುವಾಗ ಹರಿದರೆ, ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ. ಬ್ರೇಕ್ ಆಯಿಲಿನ ಮಾತು ಇನ್ನೂ ಗಂಭೀರವಾದುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳತಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಬ್ರೇಕ್ ತುಳಿದು ತುಳಿದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

8 ವರ್ಷ ದಾಟಿದ ಟ್ಯಾಕ್ಸಿಗೆ ಪ್ರತಿ ವರ್ಷವೂ ಎಫ್.ಸಿ. ಆಗಬೇಕೆಂಬ ಕಾನೂನಿದೆ. ಅದು ಒಳ್ಳೆಯದೇ. ಆದರೆ ಎಫ್.ಸಿ. ಎಂಬುದು ಒಂದು ದಿನದ ಪರೀಕ್ಷೆ. ಇಂಜಿನ್ನಿನ ಮುಚ್ಚಳದೊಳಗೆ ಸವೆಯುತ್ತಿರುವ ಬೆಲ್ಟು ಆ ಕಾಗದದಲ್ಲಿ ಕಾಣುವುದಿಲ್ಲ.

ದೊಡ್ಡ ಸರ್ವಿಸಿನ ಖರ್ಚು ಆಕಸ್ಮಿಕವಾಗಿ ಬಂದೆರಗುವ ವಿಪತ್ತಲ್ಲ. ಅದು ಪ್ರತಿ ಕಿಲೋಮೀಟರಿನಲ್ಲೂ ಕೂಡುತ್ತಾ ಬಂದ ಸಾಲ. ಉದಾಹರಣೆಗೆ, ಲಕ್ಷ ಕಿಲೋಮೀಟರಿಗೊಮ್ಮೆ 30 ಸಾವಿರ ರೂಪಾಯಿ ಬೇಕಾಗುವುದೆಂದು ಇಟ್ಟುಕೊಳ್ಳಿ. ಅದು ಕಿಲೋಮೀಟರಿಗೆ 30 ಪೈಸೆ. ದಿನಕ್ಕೆ 100 ಕಿಲೋಮೀಟರ್ ಓಡಿದರೆ 30 ರೂಪಾಯಿ. ಡೀಸೆಲಿನ ಹಣದಂತೆ ಇದನ್ನೂ ಅಂದೇ ಬೇರೆ ತೆಗೆದಿಡತಕ್ಕದ್ದು. ಒಂದು ಸ್ಟ್ಯಾಂಡಿನ ಹತ್ತು ಮಂದಿ ಕೂಡಿ ಈ ಹಣವನ್ನು ಒಂದೆಡೆ ಕಟ್ಟುತ್ತಾ ಬಂದರೆ, ಸರ್ವಿಸ್ ಬಂದವನು ಬಡ್ಡಿ ಸಾಲಕ್ಕೆ ಕೈಯೊಡ್ಡಬೇಕಾಗಿಲ್ಲ.

ಬೇರೆಯವರ ಗಾಡಿ ಓಡಿಸುವ ಕೂಲಿ ಡ್ರೈವರನ ಮಾತೇ ಬೇರೆ. ಸರ್ವಿಸ್ ಮುಂದೂಡುವವನು ಮಾಲೀಕ, ಘಾಟಿ ಇಳಿಯುವವನು ಡ್ರೈವರ್. ರಿಪೇರಿಯ ಹಣವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವುದು ಅನ್ಯಾಯ. 'ಬ್ರೇಕ್ ಸರಿಯಿಲ್ಲ, ಗಾಡಿ ತೆಗೆಯುವುದಿಲ್ಲ' ಎಂದು ಹೇಳಿದವನ ಕೆಲಸ ಹೋಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

ಬಾಡಿಗೆಗೆ ಕರೆಯುವ ನಾವೂ ಒಂದು ಮಾತು ನೆನಪಿಡಬೇಕು. ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದಾಗ ಆ ನೂರು ಡೀಸೆಲಿನಲ್ಲಿ ಕಡಿಮೆಯಾಗುವುದಿಲ್ಲ. ಬ್ರೇಕಿನಲ್ಲೋ, ಡ್ರೈವರನ ಮಕ್ಕಳ ಊಟದಲ್ಲೋ ಕಡಿಮೆಯಾಗುತ್ತದೆ. ಆ ಗಾಡಿಯಲ್ಲಿ ಕೂತು ಘಾಟಿ ಇಳಿಯುವವರು ನಾವೇ.