ಕೆಸರು ಅಂದ್ರೆ ಖಾಲಿ ಜಾಗ ಅಲ್ಲ ಮಾರಾಯ್ರೆ!

"ಮಂಗಳೂರಲ್ಲಿ ಹಕ್ಕಿ ನೋಡ್ಲಿಕ್ಕೆ ಎಂಥ ಉಂಟು ಮಾರಾಯ್ರೆ? ಕಾಗೆ, ಗಿಡುಗ ಬಿಟ್ರೆ ಬೇರೆ ಎಂಥದೂ ಇಲ್ಲ!"

ಪ್ರತಿ ವರ್ಷ ನವೆಂಬರ್ ಬಂತೆಂದರೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಕ್ಕಿಗಳ ಗೊಡವೆಯೇ ಬೇಡ ಅನ್ನುವವರು ಹೀಗಂದರೆ ನನಗೇನೂ ಬೇಜಾರಿಲ್ಲ. ಆದರೆ ಹೀಗನ್ನುವವರಲ್ಲಿ ಹೆಚ್ಚಿನವರು ಹಕ್ಕಿಪ್ರಿಯರು! ಮೊಣಕೈ ಉದ್ದದ ಲೆನ್ಸು ಹೊತ್ತುಕೊಂಡು ರಂಗನತಿಟ್ಟು, ದಾಂಡೇಲಿ, ಭರತಪುರ ಅಂತ ಸುತ್ತಿ, ಬ್ಲಾಗಿನಲ್ಲಿ ಮೂರು ಕಂತು ಬರೆದು, "ಸೂಪರ್, ಮುಂದುವರಿಸಿ" ಅನ್ನಿಸಿಕೊಂಡವರು. ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಬಂದರಿಗೆ ಇವರು ಹೋಗುವುದು ಮೀನು ತರಲಿಕ್ಕೆ ಮಾತ್ರ. ಅದೂ ಮೂಗು ಮುಚ್ಚಿಕೊಂಡು.

ಇವತ್ತು ಸ್ವಲ್ಪ ಜಗಳ ಆಡುವ ಅಂತಲೇ ಕೂತಿದ್ದೇನೆ. ಸಹಿಸಿಕೊಳ್ಳಿ.

ಮೊದಲು ಪರವೂರಿನ ಓದುಗರಿಗಾಗಿ ಎರಡು ಮಾತು. ಮಂಗಳೂರಿಗೆ ಎರಡು ಬಂದರು. ಪಣಂಬೂರಿನದು ಹೊಸತು, 1975ರಲ್ಲಿ ಉದ್ಘಾಟನೆ ಆದದ್ದು, ದೊಡ್ಡ ಹಡಗುಗಳದ್ದು. ನಾನು ಹೇಳುತ್ತಿರುವುದು ಹಳೆ ಬಂದರಿನ ಬಗ್ಗೆ. ನೇತ್ರಾವತಿ ಮತ್ತು ಗುರುಪುರ ಹೊಳೆ ಎರಡೂ ಇಲ್ಲೇ ಸೇರಿ ಒಂದೇ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಗುರುಪುರ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ನಾಲಿಗೆಯೇ ಬೆಂಗ್ರೆ. ಈಚೆ ದಡದಲ್ಲಿ ಧಕ್ಕೆ, ಸಾಲು ಸಾಲು ಬೋಟು, ಐಸಿನ ಲಾರಿ, ಮೀನಿನ ವಾಸನೆ. ನೀರು ಇಳಿದಾಗ ಹೊಳೆಯ ಅಂಚಿನಲ್ಲಿ ಮೇಲೇಳುವುದು ಕಪ್ಪು ಕೆಸರು ಮತ್ತು ಮರಳ ದಿಣ್ಣೆ. ಜಗಳ ಇರುವುದು ಈ ಕೆಸರಿನ ಬಗ್ಗೆಯೇ.

ಚಳಿಗಾಲ ಅಂದರೆ ನಗಬೇಡಿ. ನಮ್ಮಲ್ಲಿ ಚಳಿಗಾಲ ಅಂದ್ರೆ ಬೆವರು ಸ್ವಲ್ಪ ಕಡಿಮೆ, ಅಷ್ಟೆ. ಆದರೆ ಲಡಾಖ್, ಟಿಬೆಟ್ ಕಡೆಯ ಸರೋವರಗಳು ಹೆಪ್ಪುಗಟ್ಟುವ ಹೊತ್ತಿಗೆ ಅಲ್ಲಿ ಮರಿ ಮಾಡುವ ಕಂದುತಲೆಯ ಗಲ್ ಹಕ್ಕಿಗಳಿಗೆ ನಮ್ಮ ಈ ಬೆವರಿನ ಊರೇ ಆಸರೆ. ಹೆಸರು ಕಂದುತಲೆ ಅಂತ ಇದ್ದರೂ ಇಲ್ಲಿ ಅದರ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ವಾಪಸು ಹೊರಡುವ ದಿನ ಹತ್ತಿರ ಬಂದ ಹಾಗೆ ತಲೆಗೆ ಬಣ್ಣ ಏರುತ್ತದೆ. ಬೋಟಿನವರು ಬಲೆ ಕೊಡವುವಾಗ ಇವುಗಳ ಗಲಾಟೆ ಕೇಳಬೇಕು ನೀವು! ಜೊತೆಗೆ ರೀವಗಳು, ಬೆಳ್ಳಕ್ಕಿ, ತಲೆಯ ಮೇಲೆ ಗರುಡ.

ಇವಿಷ್ಟು ಕಣ್ಣಿಗೆ ಬೀಳುವವು. ಬೀಳದವು ಕೆಸರಲ್ಲಿವೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ, ಕೆಸರಿನದೇ ಬಣ್ಣದ ಸ್ಯಾಂಡ್ ಪ್ಲವರ್. ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. 2023ರಲ್ಲಿ ತಜ್ಞರು ಈ ಹಕ್ಕಿಯನ್ನು ಎರಡು ಜಾತಿಯಾಗಿ ಬೇರ್ಪಡಿಸಿದರು. ನಮ್ಮ ಕರಾವಳಿಗೆ ಬರುವುದಕ್ಕೆ ಈಗ ಟಿಬೆಟನ್ ಸ್ಯಾಂಡ್ ಪ್ಲವರ್ ಅಂತ ಹೆಸರು. ಹಿಮಾಲಯ ದಾಟಿ ಬಂದ ಅತಿಥಿ ಧಕ್ಕೆಯ ಪಕ್ಕದಲ್ಲಿ ಊಟ ಮಾಡುತ್ತಿರುತ್ತದೆ, ನಾವು ಅದರೆದುರೇ ನಿಂತು "ಕಾಗೆ ಬಿಟ್ರೆ ಎಂಥದೂ ಇಲ್ಲ" ಅನ್ನುತ್ತೇವೆ.

ಆ ಕೆಸರಲ್ಲಿ ತಿನ್ನಲಿಕ್ಕೆ ಏನಿದೆ? ಹುಳ, ಏಡಿಮರಿ, ಸಣ್ಣ ಚಿಪ್ಪುಜೀವಿಗಳು. ಪ್ಲವರ್‌ಗಳದ್ದು ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಮೇಲೆ ಅಲ್ಲಾಡಿದ್ದನ್ನು ನೋಡಿ ಹಿಡಿಯುತ್ತವೆ. ಸ್ಯಾಂಡ್‌ಪೈಪರ್‌ಗಳದ್ದು ಉದ್ದ ಕೊಕ್ಕು. ಕೊಕ್ಕಿನ ತುದಿಯ ಸ್ಪರ್ಶದಲ್ಲೇ ಒಳಗಿನ ಹುಳವನ್ನು ಪತ್ತೆ ಮಾಡುತ್ತವೆ. ವಿಂಬ್ರೆಲ್‌ಗೆ ಕುಡುಗೋಲಿನ ಹಾಗೆ ಬಾಗಿದ ಕೊಕ್ಕು; ಬಿಲದೊಳಗಿನ ಏಡಿಯನ್ನು ಎಳೆದು ತಿನ್ನುತ್ತದೆ. ಒಂದೇ ಕೆಸರು, ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಪಂಕ್ತಿ. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಳಿದಾಗ ಊಟ, ಏರಿದಾಗ ಅಳಿವೆಯ ಮರಳ ಮೇಲೆ ಒಂಟಿಕಾಲಲ್ಲಿ ನಿದ್ದೆ. ಮಾರ್ಚ್, ಏಪ್ರಿಲ್‌ನಲ್ಲಿ ಸಾವಿರಾರು ಕಿಲೋಮೀಟರ್ ಹಾರಲು ಬೇಕಾದ ಕೊಬ್ಬನ್ನು ಈ ಕೆಸರೇ ಕೊಡಬೇಕು.

ಹಕ್ಕಿಯ ಮಾತು ಬಿಡಿ, ನಮ್ಮ ತಟ್ಟೆಗೆ ಮರುವಾಯಿ ಎಲ್ಲಿಂದ ಬರುತ್ತದೆ ಅಂದುಕೊಂಡಿರಿ? ಮರುವಾಯಿ ಸುಕ್ಕ ಚಪ್ಪರಿಸುವಾಗ ಹೊಳೆಯ ತಳ ಗಲೀಜು ಅಂತ ಯಾರಿಗೂ ಅನ್ನಿಸುವುದಿಲ್ಲ!

ಈಗ ನನ್ನ ಅಸಲು ತಕರಾರಿಗೆ ಬರುತ್ತೇನೆ. ಈ ಜಾಗವನ್ನು ನೋಡಿದ ಎಲ್ಲರಿಗೂ ತಲೆಯಲ್ಲಿ ಒಂದೇ ಶಬ್ದ ಹೊಳೆಯುತ್ತದೆ, "ಸುಂದರೀಕರಣ". 2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ನೇತ್ರಾವತಿ ದಂಡೆಯ ವಾಟರ್‌ಫ್ರಂಟ್ ಯೋಜನೆ ಬಂದದ್ದು ಅದರಲ್ಲೇ. ಸಂಜೆ ನಡೆಯಲು ಜನರಿಗೆ ಜಾಗ ಬೇಕು, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ದಂಡೆ ಚಂದ ಮಾಡುವುದು ಅಂದರೆ ಕೆಸರಿಗೆ ಮಣ್ಣು ಸುರಿದು, ತಡೆಗೋಡೆ ಕಟ್ಟಿ, ಇಂಟರ್‌ಲಾಕ್ ಹಾಸಿ, ಬಣ್ಣದ ಲೈಟು ಹಾಕುವುದು ಅಂತಲೇ ಅರ್ಥ. ನೀರು ಹಿಂದೆ ಸರಿಯಲು ಓರೆಯಾದ ದಂಡೆ ಇಲ್ಲದಿದ್ದರೆ ಕೆಸರು ಮೇಲೇಳುವುದು ಎಲ್ಲಿ? ಗೋಡೆಯ ಬುಡದಲ್ಲಿ ಸದಾ ನೀರು, ಹಕ್ಕಿಗೆ ಕಾಲಿಡಲು ಜಾಗವಿಲ್ಲ.

"ಹಕ್ಕಿಗೆ ರೆಕ್ಕೆ ಇಲ್ವಾ? ಬೇರೆ ಕಡೆ ಹೋಗ್ತದೆ ಬಿಡಿ." ಇದು ಇನ್ನೊಂದು ಜಾಣ ಉತ್ತರ. ಎಲ್ಲಿಗೆ ಸ್ವಾಮಿ? ಬೇರೆ ಕಡೆಯ ಕೆಸರಲ್ಲಿ ಬೇರೆ ಹಕ್ಕಿಗಳು ಆಗಲೇ ಊಟಕ್ಕೆ ಕೂತಿವೆಯಲ್ಲ? ದಕ್ಷಿಣ ಕೊರಿಯಾದ ಸೇಮಾಂಗಮ್ ಎಂಬಲ್ಲಿ ಇದೇ ಮಾತು ಪರೀಕ್ಷೆಗೆ ಬಿತ್ತು. 33 ಕಿಲೋಮೀಟರ್ ಉದ್ದದ ಕಡಲಗೋಡೆಯನ್ನು 2006ರಲ್ಲಿ ಮುಚ್ಚಿ, ಒಂದು ದೊಡ್ಡ ಅಳಿವೆಯ ಕೆಸರುಬಯಲನ್ನೇ ಕಡಲಿನಿಂದ ಕತ್ತರಿಸಿದರು. ಅಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಗ್ರೇಟ್ ನಾಟ್ ಎಂಬ ಹಕ್ಕಿ ಪಕ್ಕದ ಅಳಿವೆಗಳಲ್ಲಿ ಆ ಪ್ರಮಾಣದಲ್ಲಿ ಕಾಣಿಸಲೇ ಇಲ್ಲ, ಒಟ್ಟು ಸಂಖ್ಯೆಯೇ ಕುಸಿಯಿತು. ಅದು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ನಮ್ಮ ಕರಾವಳಿಗೂ ಬರುವ ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳನ್ನು 2024ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಮೇಲಿನ ಅಪಾಯದ ದರ್ಜೆಗೆ ಏರಿಸಿದ್ದಾರೆ.

"ಹಾಗಾದ್ರೆ ಬಂದರು ಮುಚ್ಚಬೇಕಾ? ಮೀನುಗಾರರು ಮನೆಗೆ ಹೋಗಬೇಕಾ?" ಅಂತ ಕೇಳಬೇಡಿ. ನಾನೂ ಬಂಗುಡೆ ತಿಂದು ಬೆಳೆದವನೇ. ಬೋಟುಗಳ ನಡುವೆಯೇ ಈ ಹಕ್ಕಿಗಳು ಬದುಕುತ್ತಿವೆ, ಬಲೆಯಿಂದ ಚೆಲ್ಲಿದ ಮೀನು ತಿನ್ನುತ್ತಿವೆ. ಕೆಸರನ್ನು ಗೋಡೆ ಕಟ್ಟಿ ಮುಗಿಸಬೇಕು ಅಂತ ಬೋಟಿನವರು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೇಳುವವರು ದಡದಲ್ಲಿ ನಿಂತು ಸೆಲ್ಫಿ ತೆಗೆಯಬೇಕಾದ ನಾವು.

ಕಾನೂನು ಇಲ್ಲವೇ ಅಂದರೆ, ಉಂಟು. 2017ರ ಜೌಗುಭೂಮಿ ನಿಯಮಗಳು ಕರಾವಳಿ ನಿಯಂತ್ರಣ ವಲಯದ ಜಾಗಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹಾಗಾಗಿ ಅಳಿವೆಯ ಕೆಸರಿಗೆ ಉಳಿದದ್ದು ಸಿಆರ್‌ಝಡ್ ಅಧಿಸೂಚನೆ. 2011ರದ್ದೂ 2019ರದ್ದೂ ಕೆಸರುಬಯಲನ್ನು ಅತಿ ಸೂಕ್ಷ್ಮ ವರ್ಗದಲ್ಲೇ ಇಟ್ಟಿವೆ. ಆದರೆ ಅಲ್ಲೊಂದು ವಿಶೇಷಣ ಉಂಟು, ಕೆಸರು "ಜೈವಿಕವಾಗಿ ಸಕ್ರಿಯ" ಆಗಿರಬೇಕು. ಸರಳ ಕನ್ನಡದಲ್ಲಿ ಹೇಳುವುದಾದರೆ, ಜೀವ ಇರುವ ಕೆಸರು. ಜೀವ ಇದೆಯೋ ಇಲ್ಲವೋ ಎಂದು ಹೇಳುವವರು ಯಾರು? ಯಾವ ದಾಖಲೆ ನೋಡಿ?

ಇಲ್ಲಿಗೆ ಬಂದು ನಿಂತಿತು ನೋಡಿ, ನಮ್ಮ ನಿಮ್ಮ ಕುತ್ತಿಗೆಗೆ. ಹಕ್ಕಿ ಬಲ್ಲವರೇ "ಅಲ್ಲಿ ಎಂಥದೂ ಇಲ್ಲ" ಅಂದಮೇಲೆ ಇನ್ನೊಬ್ಬರು ಹಾಗೆ ಬರೆದರೆ ತಪ್ಪು ಹೇಗೆ ಹುಡುಕುವುದು? ಕುಮಟಾ ಹತ್ತಿರದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿಯ ಜನ ಹೋರಾಡಿದರು ನಿಜ. ಅದರ ಜೊತೆಗೆ ಅಲ್ಲಿನ ಬಳಚು, ಮೀನು, ಕಾಂಡ್ಲ, ಹಕ್ಕಿಗಳ ಬಗ್ಗೆ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕವೂ ಇತ್ತು. 2023ರ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳ ಬಗ್ಗೆ ಹೇಳುತ್ತದಲ್ಲ, ಅದಕ್ಕೆ ಆಧಾರ ಸುಮಾರು 30,000 ಸಾಮಾನ್ಯ ಹಕ್ಕಿ ವೀಕ್ಷಕರು ಇ-ಬರ್ಡ್‌ಗೆ ಏರಿಸಿದ ಪಟ್ಟಿಗಳು. ಪಟ್ಟಿ ಹಾಕಿದವರಲ್ಲಿ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಇದ್ದಾರೆ, ನಿಮ್ಮ ನನ್ನಂಥವರು.

ತೇಜಸ್ವಿ ನೆನಪಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಉದ್ದುದ್ದ ಬರೆಯುವ ಬ್ಲಾಗಿಗರಿಗೆ ಒಂದು ಪ್ರಶ್ನೆ. ಅವರು ಕನ್ನಡ ನಾಡಿನ ಹಕ್ಕಿಗಳು ಅಂತ ಪುಸ್ತಕ ಮಾಡಿದ್ದು ಕಪಾಟಿನಲ್ಲಿ ಇಡಲಿಕ್ಕಾ? ತಮ್ಮ ತೋಟದ ಸುತ್ತ ಕಂಡದ್ದನ್ನೇ ಅಷ್ಟು ಕುತೂಹಲದಿಂದ ನೋಡಿದ ಮನುಷ್ಯನ ಅಭಿಮಾನಿಗಳು ನಾವು. ಆದರೆ ನಮ್ಮೂರ ಧಕ್ಕೆ ನಮಗೆ ಕಾಣುವುದಿಲ್ಲ.

ಈ ಚಳಿಗಾಲಕ್ಕೆ ನಾನು ಕೇಳುವುದು ಇಷ್ಟೇ. ಉಬ್ಬರ ಇಳಿತದ ಪಟ್ಟಿ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲು ಹೊಳೆ ದಂಡೆಗೆ ಹೋಗಿ. ದೊಡ್ಡ ಲೆನ್ಸು ಬೇಡ, ಒಂದು ಸಾಧಾರಣ ದುರ್ಬೀನು ಸಾಕು. ಹದಿನೈದು ದಿನಕ್ಕೊಮ್ಮೆ, ಅದೇ ಜಾಗ, ಅದೇ ಅರ್ಧ ಗಂಟೆ. ಎಣಿಸಿ, ಏರಿಸಿ. ಹೆಸರು ತಿಳಿಯದಿದ್ದರೆ "ಪ್ಲವರ್" ಅಂತಷ್ಟೇ ಬರೆಯಿರಿ. ಏನೂ ಕಾಣದ ದಿನ ಅದನ್ನೂ ಬರೆಯಿರಿ, ಅದೂ ಲೆಕ್ಕವೇ. ನೀರು ಏರಿದಾಗ ಮರಳ ಮೇಲೆ ಮಲಗಿದ ಗುಂಪಿನ ಹತ್ತಿರ ಫೋಟೋಕ್ಕಾಗಿ ನುಗ್ಗಬೇಡಿ, ಡ್ರೋನ್ ಹಾರಿಸಬೇಡಿ. ಆಮೇಲೆ ಬ್ಲಾಗಿನಲ್ಲಿ ಬರೆಯಿರಿ, ಕನ್ನಡದಲ್ಲಿ, ತಾರೀಖು ಹಾಕಿ. ಮಲ್ಪೆಯವರು ಮಲ್ಪೆಯದ್ದು, ಕಾರವಾರದವರು ಕಾರವಾರದ್ದು, ಮುಂಬಯಿಯಲ್ಲಿರುವ ನಮ್ಮವರು ಅಲ್ಲಿನ ಖಾಡಿಗಳದ್ದು.

ಇಷ್ಟೆಲ್ಲ ಆದಮೇಲೂ "ಅಲ್ಲಿ ಎಂಥದೂ ಇಲ್ಲ" ಅನ್ನುವವರು ಜಗಳಕ್ಕೆ ಧಾರಾಳ ಬರಬಹುದು. ಆದರೆ ಒಂದು ಶರತ್ತು... ನೀರು ಇಳಿದ ಹೊತ್ತಿಗೆ, ಧಕ್ಕೆಯ ಹತ್ತಿರವೇ ಬನ್ನಿ.